ಬೀಗರ ಮನೆಯ ಉಪವಾಸ

ಸದಲಗಾ
೧೧ ಡಿಸೆಂಬರ್ ೨೦೨೪, ಬುಧವಾರ

ಚಿ. ಸೌ. ಮಯೂರಿಗೆ ಅವ್ವನ ತುಂಬು ಆಶೀರ್ವಾದ. ಜೈ ಜಿನೇಂದ್ರ.

ಕಾಗದ ನೋಡಿ ಗಾಬರಿಯಾಗಬೇಡ, ಎಲ್ಲರೂ ಚೆನ್ನಾಗಿದ್ದೇವೆ. ದಿನಾ ಅರ್ಧ ತಾಸು ಮಾತಾಡುತ್ತಿದ್ದ ಅವ್ವ ಇಪ್ಪತ್ತು ದಿನದಿಂದ ಎರಡು ಮಾತಾಡಿ ಫೋನ್ ಇಡುತ್ತಿದ್ದಾಳೆಂದು ನಿನಗೆ ಸಿಟ್ಟು ಬಂದಿರಬೇಕು. ಬರಲಿ, ತಪ್ಪು ನನ್ನದೇ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಅಪ್ಪ ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ಕೂಡುತ್ತಾರೆ. ನಾನು ಬಾಯಿ ಬಿಡುವಷ್ಟರಲ್ಲಿ ಅವರ ಕಬ್ಬಿನ ಕಟಾವಿನ ಪುರಾಣ ಶುರುವಾಗುತ್ತದೆ. ಅದಕ್ಕೇ ಕೋಮಲ ಬಿಟ್ಟುಹೋದ ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ಕೂತಿದ್ದೇನೆ. ಮೊಮ್ಮಗಳಿಗೆ ಹೇಳಬೇಡ, ಜಗಳಕ್ಕೆ ಬರುತ್ತಾಳೆ.

ಹೋದ ತಿಂಗಳು ಕಣ್ಣು ತೋರಿಸಲು ಕೊಲ್ಲಾಪುರಕ್ಕೆ ಹೋಗಿದ್ದೆನಲ್ಲ, ಅವತ್ತಿನ ಮಾತು ಇದು. ನಿನ್ನ ತಮ್ಮ ಕುಣಾಲ ಕಾರಿನಲ್ಲಿ ಕರೆದುಕೊಂಡು ಹೋಗಿದ್ದ. ಆಸ್ಪತ್ರೆಯಲ್ಲೇ ಮಧ್ಯಾಹ್ನ ದಾಟಿತು. ಕಣ್ಣಿಗೆ ಹನಿ ಹಾಕಿದ್ದರಿಂದ ಎಲ್ಲ ಮಂಜು ಮಂಜು. ಬರುವಾಗ ಇವನಿಗೆ ನಿಪ್ಪಾಣಿಯಲ್ಲಿ ಏನೋ ಕೆಲಸ, ಹೈವೇ ಹಿಡಿದ. ನಾನು ಬೆಳಿಗ್ಗೆ ಒಂದು ರೊಟ್ಟಿ ತಿಂದು ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದವಳು. ಕೈ ನಡುಗಲು ಶುರುವಾಯಿತು. ಹೊತ್ತು ನೋಡಿದರೆ ಮುಳುಗಲು ಅರ್ಧ ತಾಸೂ ಇಲ್ಲ. ಮುಳುಗಿದ ಮೇಲೆ ನಾನು ಉಣ್ಣುವುದಿಲ್ಲವೆಂದು ಅವನಿಗೆ ಗೊತ್ತು. ಕಂಡ ಮೊದಲ ಹೋಟೆಲಿನ ಮುಂದೆ ನಿಲ್ಲಿಸಿದ.

ಆ ಹೋಟೆಲಿಗೆ ಎರಡು ಬಾಗಿಲು. ಎಡಗಡೆಯದು ನಮ್ಮಂಥ ಸಸ್ಯಾಹಾರಿಗಳಿಗೆ, ಬಲಗಡೆಯದು ಬೇರೆಯವರಿಗೆ. ನಾವು ಎಡಗಡೆಯೇ ಹೋದೆವು. ಅಡುಗೆಮನೆ ಮಾತ್ರ ಒಂದೇ ಅನ್ನುವುದು ಆಮೇಲೆ ತಿಳಿಯಿತು. ಕುಣಾಲ ಫೋನ್ ಬಂತೆಂದು ಹೊರಗೇ ನಿಂತ. ನಿಮ್ಮ ಅಪ್ಪನ ವಯಸ್ಸಿನವನೊಬ್ಬ ಬಡಿಸುವವ ಬಂದ. ಅವನನ್ನು ನಿಲ್ಲಿಸಿಕೊಂಡು ನಾನು ಪಾಠ ಒಪ್ಪಿಸಿದೆ: "ಉಳ್ಳಾಗಡ್ಡಿ ಬ್ಯಾಡ, ಬೆಳ್ಳೊಳ್ಳಿ ಬ್ಯಾಡ, ಬಟಾಟಿ ಬ್ಯಾಡ, ಗಜ್ಜರಿ ಬ್ಯಾಡ, ನೆಲದಾಗ ಬೆಳಿಯೋದು ಏನೂ ಬ್ಯಾಡ. ನೀರ ಸೋಸಿದ್ದ ಇರಬೇಕು. ಹೊತ್ತ ಮುಣಗೋದ್ರಾಗ ತಾ ನೋಡಪಾ." ಅವನು ಎಲ್ಲದಕ್ಕೂ "ಆತ್ರಿ ಅವ್ವಾರ" ಅಂದ. ಇಷ್ಟು ಬೇಡಗಳ ಪಟ್ಟಿ ಹೇಳಿದವಳಿಗೆ ಮಾಂಸ ಬೇಡ ಅಂತಲೂ ಹೇಳಬೇಕೆಂದು ಹೊಳೆಯಲೇ ಇಲ್ಲ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರಿಗೆ ಯಾವತ್ತು ಹೇಳಿದ್ದೇವೆ ಹೇಳು. ಬಟಾಟಿಯ ಭಯದಲ್ಲೇ ಅರವತ್ತೆರಡು ವರ್ಷ ಕಳೆದವಳು ನಾನು.

ಥಾಳಿಯಲ್ಲಿ ಒಂದು ಬಟ್ಟಲು ಬೆಳ್ಳಗಿನ ಸಾರು ಇತ್ತು, ಬಿಸಿ ಬಿಸಿ, ಕೊಬ್ಬರಿ ಹಾಲಿನ ವಾಸನೆ. ನಿನ್ನ ಅಜ್ಜಿ ಮಾಡುತ್ತಿದ್ದ ಕೊಬ್ಬರಿ ಹಾಲಿನ ಸಾರೇ ಅಂದುಕೊಂಡೆ. ರೊಟ್ಟಿ ಮುರಿದು ಹಾಕಿ ಕಲಸಿ, ಕಿಡಕಿಯಲ್ಲಿ ಹೊತ್ತು ನೋಡುತ್ತ ಗಬಗಬ ಉಂಡೆ. ನಿನ್ನ ಮುಂದೆ ಮುಚ್ಚಿಡುವುದೇನು, ರುಚಿಯಾಗಿತ್ತು. ಜೀವ ಬಂದಂತಾಯಿತು. ಇನ್ನೊಂದು ಬಟ್ಟಲು ಕೇಳಿ ಹಾಕಿಸಿಕೊಂಡೆ.

ಎರಡನೆಯದನ್ನು ನಿಧಾನವಾಗಿ ಕುಡಿಯುವಾಗ ಬೆಳ್ಳುಳ್ಳಿ ವಾಸನೆ ಬಡಿಯಿತು. ನನ್ನ ಬಾಯಿ ನಿನಗೆ ಗೊತ್ತಲ್ಲ. ಅವನನ್ನು ಕರೆದು, "ಅಷ್ಟ ಬಡಕೊಂಡ್ರೂ ಬೆಳ್ಳೊಳ್ಳಿ ಹಾಕೀರಲ್ಲೋ, ಕಿವಿ ಅದಾವೋ ಇಲ್ಲೋ" ಅಂತ ತರಾಟೆಗೆ ತೆಗೆದುಕೊಂಡೆ. ಅವನು ಬಟ್ಟಲು ಎತ್ತಿ ನೋಡಿದ, ಮೂಗಿಗೆ ಹಿಡಿದ. ಬಟ್ಟಲನ್ನು ಹಾಗೇ ಕೆಳಗಿಟ್ಟು ಕೈ ಮುಗಿದು ನಿಂತುಬಿಟ್ಟ. "ಅವ್ವಾರ, ದೊಡ್ಡ ತಪ್ಪಾಗೇತ್ರಿ. ಇದು ಆ ಕಡೀ ಟೇಬಲ್ಲಿಂದ್ರಿ. ಪಾಂಢರಾ ರಸ್ಸಾರಿ ಇದು, ಕುರಿ ಮಾಂಸ ಕುದಿಸಿದ ನೀರಿಂದ ಮಾಡಿದ್ದು. ಗಡಬಡಿಯೊಳಗ ನಿಮಗ ಇಟ್ಟೀನ್ರಿ."

ಮಯೂರಿ, ಅವನು ಬೆಳ್ಳುಳ್ಳಿಯದೇ ತಪ್ಪು ಅಂತ ಒಪ್ಪಿಕೊಂಡು ಬಟ್ಟಲು ತೆಗೆದುಕೊಂಡು ಹೋಗಬಹುದಿತ್ತು. ನಾನು ನಂಬುತ್ತಿದ್ದೆ, ಸುಖವಾಗಿ ಮನೆಗೆ ಬರುತ್ತಿದ್ದೆ. ಅವನು ಹಾಗೆ ಮಾಡಲಿಲ್ಲ.

ಆಮೇಲೆ ಆದದ್ದನ್ನು ವಿವರವಾಗಿ ಬರೆಯುವುದಿಲ್ಲ. ಹಿತ್ತಲಿಗೆ ಓಡಿ ಬಾಯಿಗೆ ಬೆರಳು ಹಾಕಿದೆ, ಅತ್ತುಬಿಟ್ಟೆ. ಕುಣಾಲ ಒಳಗೆ ಬಂದು ಫೋನ್ ಹಿಡಿದು ವಿಡಿಯೋ ಮಾಡುತ್ತ ಕೂಗಾಡತೊಡಗಿದ. ಕೇಸು ಹಾಕುತ್ತೇನೆ, ಊರಿಗೆಲ್ಲ ತೋರಿಸುತ್ತೇನೆ ಅಂದ. ಮಾಲೀಕ ಬಂದು ಆ ಬಡಿಸುವವನಿಗೆ, "ಹಾಲಸಿದ್ದಾ, ನಾಳಿಂದ ಬರಬ್ಯಾಡ" ಅಂದ. ಅದನ್ನು ಕೇಳಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಾಯಿ ಒರೆಸಿಕೊಂಡು ಬಂದು ಹೇಳಿದೆ: "ಅಂವಾ ಹೋದ್ರ ನಾ ಕೇಸ್ ಹಾಕ್ತೀನಿ. ಖರೇ ಹೇಳಿದವನ್ನ ಮನೀಗೆ ಕಳಿಸಿ ಸುಳ್ಳ ಹೇಳಾವ್ರನ್ನ ಇಟ್ಕೋತೀರೇನು?" ಕುಣಾಲನ ವಿಡಿಯೋ ನನ್ನ ಕಣ್ಣೆದುರೇ ಅಳಿಸಿಹಾಕಿಸಿದೆ. ಹನಿ ಹಾಕಿದ ಕಣ್ಣಿಗೆ ಅದು ಅಳಿಸಿತೋ ಇಲ್ಲವೋ ಕಾಣಲಿಲ್ಲ, ಅವನ ಮಾತು ನಂಬಿದೆ.

ಮನೆಗೆ ಬಂದು ತಲೆ ಮೇಲೆ ನೀರು ಹಾಕಿಕೊಂಡು ಮೂರು ದಿನ ನೀರಿನ ಮೇಲೆ ಇದ್ದೆ. ನಿಮ್ಮ ಅಪ್ಪ ಹೆದರಿ ಬಸದಿಯಲ್ಲಿ ತಂಗಿದ್ದ ಸನ್ಯಾಸಿನಿ ಮಾತಾಜಿಯ ಹತ್ತಿರ ಕರೆದುಕೊಂಡು ಹೋದರು. ಅವರು ಎಲ್ಲ ಕೇಳಿ, ಅರಿಯದೆ ಆದದ್ದು, ಒಂದು ಉಪವಾಸ ಸಾಕಿತ್ತು, ಮೂರು ಮಾಡಿ ದೇಹ ದಂಡಿಸಿದ್ದೀಯ, ನೂರೆಂಟು ಸಲ ಣಮೋಕಾರ ಜಪಿಸಿ ಮನೆಗೆ ಹೋಗಿ ಉಣ್ಣು ಅಂದರು. ಓಣಿಯವರೆಲ್ಲ ಬಂದು ಸಮಾಧಾನ ಹೇಳಿದರು. ನಿನ್ನ ಸೋದರತ್ತೆ ಲಕ್ಷ್ಮಿಬಾಯಿ, ಯಾರ ಮನೆ ನೀರಿಗೂ ಹತ್ತು ಸಲ ಯೋಚಿಸುವವರು, ನನ್ನ ಅಡುಗೆಮನೆಗೇ ಬಂದು ನನ್ನ ಕೈಯಿಂದ ಚಹಾ ಮಾಡಿಸಿಕೊಂಡು ಕುಡಿದು, "ಗೊತ್ತಿಲ್ಲದ ಆಗೇತಿ, ಬಿಡ ಅಕ್ಕುತಾಯಿ. ನಿನ್ನ ಮನಿ ಏನ್ ಮೈಲಿಗಿ ಆತೇನು?" ಅಂದರು.

ಅವರೆಲ್ಲ ಪ್ರೀತಿಯಿಂದಲೇ ಅಂದರು. ನನಗೆ ಮಾತ್ರ ಅವತ್ತಿನಿಂದ ನಿದ್ದೆ ಹತ್ತಲಿಲ್ಲ. ಎರಡು ಬಟ್ಟಲು ಕುಡಿದವಳನ್ನು ಊರು ನಾಲ್ಕೇ ದಿನದಲ್ಲಿ ಒಳಗೆ ತೆಗೆದುಕೊಂಡಿತು. ನೀನು ಏನು ಕುಡಿದಿದ್ದೆ, ಮಗಳೇ? ಅಮಿತನನ್ನು ಮದುವೆಯಾಗಿ ಅಲಖನೂರಿಗೆ ಹೋದೆ, ಅಷ್ಟೇ. ಅವರ ಮನೆಯಲ್ಲಿ ಮಾಂಸ ಮಾಡುತ್ತಾರೆ ಅಂತ ಹನ್ನೊಂದು ವರ್ಷ ನಾನು ನಿನ್ನ ಮನೆಯ ನೀರು ಮುಟ್ಟಲಿಲ್ಲ. ನಿನಗಾಗಿ ನಿಮ್ಮ ಅತ್ತೆ ಅಕ್ಕವ್ವ ಬೇರೆ ಒಲೆ ಹೂಡಿದ್ದಾರೆ, ಬೇರೆ ಪಾತ್ರೆ ಇಟ್ಟಿದ್ದಾರೆ, ನೀನು ಒಂದು ದಿನವೂ ವ್ರತ ಬಿಟ್ಟಿಲ್ಲ. ಇದೆಲ್ಲ ಕಣ್ಣಾರೆ ಕಂಡವಳು ನಾನು. ಆದರೂ ಮನೆಯಿಂದ ಬಾಟಲಿಯಲ್ಲಿ ನೀರು ಒಯ್ದು ಅವರ ಕಟ್ಟೆಯ ಮೇಲೆ ಕೂತು ಕುಡಿದು ಬರುತ್ತಿದ್ದೆ. ಅಕ್ಕವ್ವ ಪ್ರತಿ ಸಲ ಬಾಗಿಲಲ್ಲಿ ನಿಂತು, "ಬೀಗ್ತೇರ, ಒಂದ ಗುಟುಕ ಚಾ ತಗೋರಿ, ಬೋಗಾಣಿ ಹೊಸಾದೈತ್ರಿ" ಅನ್ನುತ್ತಿದ್ದರು. ನಾನು ಪ್ರತಿ ಸಲ, "ಇವತ್ತ ಉಪವಾಸ ಐತ್ರಿ" ಅನ್ನುತ್ತಿದ್ದೆ. ಅಷ್ಟು ಉಪವಾಸ ನಿಜವಾಗಿ ಮಾಡಿದ್ದರೆ ಈ ಹೊತ್ತಿಗೆ ನಾನೇ ಮಾತಾಜಿ ಆಗಿರುತ್ತಿದ್ದೆ.

ಹೋದ ದೀಪಾವಳಿಗೆ ಕೋಮಲ ಕೇಳಿದಳಲ್ಲ, "ಆಯೀ, ನಮ್ಮ ಮನೀಗೆ ಬಂದ ದಿನಾನ ನಿನಗ ಯಾಕ ಉಪವಾಸ ಬರ್ತೈತಿ?" ಅಂತ. ನೀನು ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ನಿನ್ನ ಮುಖ ನಾನು ನೋಡಲಿಲ್ಲ, ನೋಡುವ ಧೈರ್ಯ ಇರಲಿಲ್ಲ.

ಬರುವ ಭಾನುವಾರ ಬರುತ್ತೇನೆ. ನಿಮ್ಮ ಅಪ್ಪ ಬಂದರೆ ಬರಲಿ, ಇಲ್ಲದಿದ್ದರೆ ಬಸ್ಸು ಇದೆ. ನೀರಿನ ಬಾಟಲಿ ತರುವುದಿಲ್ಲ. ಹೊತ್ತು ಮುಳುಗುವ ಮುಂಚೆ ನಿನ್ನ ಒಲೆಯ ಮುಂದೆ ಕೂತು ಉಣ್ಣುತ್ತೇನೆ, ಅಕ್ಕವ್ವನ ಚಹಾನೂ ಕುಡಿಯುತ್ತೇನೆ. ವ್ರತ ಬಿಟ್ಟೆ ಅಂದುಕೊಳ್ಳಬೇಡ, ಬಟಾಟಿ ಹಾಕಿದರೆ ಎದ್ದು ಬರುತ್ತೇನೆ.

ಅಮಿತನಿಗೆ, ಅಕ್ಕವ್ವನಿಗೆ ನನ್ನ ನಮಸ್ಕಾರ ಹೇಳು. ಕೋಮಲಳ ಕೆನ್ನೆಗೆ ಒಂದು ಮುದ್ದು. ನಿನ್ನ ಸಂಸಾರ ತಂಪಾಗಿರಲಿ.

ಇಂತಿ ನಿನ್ನ ಅವ್ವ,
ಅಕ್ಕುತಾಯಿ

ತಾ.ಕ.: ಕಾಗದ ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ಹೋಟೆಲಿನ ಹಾಲಸಿದ್ದ ಯಾವ ಸಂಬಂಧವೂ ಇಲ್ಲದವನು, ನನ್ನೆದುರು ನಿಂತು ನಿಜ ಹೇಳಿದ. ನಾನು ಹೆತ್ತ ಮಗಳಿಗೆ ಹೇಳಿಲ್ಲ. ಕೋಮಲ ಹೊಟ್ಟೆಯಲ್ಲಿದ್ದಾಗ, ಏಳು ತಿಂಗಳ ಬಸುರಿ ನೀನು, ಹೋಳಿಗೆ ಮಾಡಿ ಅಮಿತನ ಕೈಯಲ್ಲಿ ಕಳಿಸಿದ್ದೆ. ಸ್ಟೀಲ್ ಡಬ್ಬಿ. ಹೊಸ ಪಾತ್ರೆ ಅಂತ ಅವ್ವನಿಗೆ ಗೊತ್ತಾಗಲಿ ಎಂದು ಮುಚ್ಚಳದ ಮೇಲಿನ ಅಂಗಡಿಯ ಚೀಟಿ ಕೂಡ ಕಿತ್ತಿರಲಿಲ್ಲ. ಸಂಜೆ ಫೋನಿನಲ್ಲಿ, "ಅವ್ವಾ, ಹೂರಣ ಹದಾ ಆಗಿತ್ತೇನ?" ಅಂತ ಕೇಳಿದೆ. "ಭಾಳ ಹದಾ ಆಗಿತ್ತವಾ" ಅಂದೆ. ಒಂದು ಚೂರೂ ಬಾಯಿಗೆ ಹಾಕಿರಲಿಲ್ಲ. ಎಲ್ಲವನ್ನೂ ಎಮ್ಮೆಗೆ ಹಾಕಿದೆ. ಹಾಕುವಾಗ ಅಮಿತ ಮರೆತ ಹೆಲ್ಮೆಟ್ ಒಯ್ಯಲು ಹಿಂದಿರುಗಿ ಬಂದಿದ್ದ. ನೋಡಿದ, ಹೆಲ್ಮೆಟ್ ತೆಗೆದುಕೊಂಡು ಹೋದ. ನಿನಗೆ ಹೇಳಿದನೋ ಇಲ್ಲವೋ, ಇಷ್ಟು ವರ್ಷ ಕೇಳಲು ನನಗೆ ಬಾಯಿ ಬರಲಿಲ್ಲ. ಅದಾದ ಮೇಲೆ ನೀನು ಏನೂ ಕಳಿಸಲಿಲ್ಲ, ಅದಷ್ಟೇ ಗೊತ್ತು.

ಆ ಡಬ್ಬಿ ಚೀಟಿ ಸಮೇತ ನನ್ನ ಅಟ್ಟದ ಮೇಲಿದೆ. ಬೇರೆಯವರ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಅಂತ ನಿನಗೆ ಕಲಿಸಿದವಳು ನಾನೇ. ಭಾನುವಾರ ಈ ಡಬ್ಬಿಯನ್ನು ಮಾತ್ರ ಖಾಲಿ ತರುತ್ತೇನೆ. ನೀನು ತುಂಬಿ ಕೊಟ್ಟರೆ ಅಲ್ಲೇ ಕೂತು ತಿನ್ನುತ್ತೇನೆ.