ಬಾಡಿಗೆ ಮನೆಗೆ ಇಂಟರ್‌ಕಾಮ್ ಇಲ್ಲ

ವಸತಿ ಸಂಘಗಳ ಮಾನ್ಯ ನೋಂದಣಾಧಿಕಾರಿಗಳೇ,

ನಿಮ್ಮ ಅಧೀನದ ಸಂಘವೊಂದರ ನಿಯಮದಿಂದಾಗಿ ನನ್ನ ಬಾಡಿಗೆದಾರರೊಬ್ಬರು ಸತ್ತರು. ದೂರು ಕೊಟ್ಟರೆ, "ಇದು ಸಂಘದ ಆಂತರಿಕ ವಿಷಯ" ಎಂದು ನಿಮ್ಮ ಕಚೇರಿ ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿತು. ಸಾವು ಯಾವಾಗಿನಿಂದ ಆಂತರಿಕ ವಿಷಯವಾಯಿತೋ ತಿಳಿಯದೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಮ್ಮ ಕಟ್ಟಡದಲ್ಲಿ ಮನೆ ಬಾಡಿಗೆಗೆ ಹೋದ ಕೂಡಲೇ ಅದರ ಇಂಟರ್‌ಕಾಮ್ ತಂತಿ ಕಳಚುತ್ತಾರೆ. ಸೌಲಭ್ಯವೆಲ್ಲ ಮಾಲೀಕರಿಗಷ್ಟೇ ಎಂದು ಸಭೆಯಲ್ಲಿ ಕೈಯೆತ್ತಿ ನಿರ್ಣಯಿಸಿದ್ದಾರೆ. ಹೊರಗಿನ ಯಾವ ಗಾಡಿ ಬಂದರೂ ಗೇಟಿನವನು ಇಂಟರ್‌ಕಾಮಿನಲ್ಲಿ ಕೇಳಿಯೇ ಬಿಡಬೇಕೆಂಬುದೂ ಅವರದೇ ನಿಯಮ. ಬಾಡಿಗೆಯವರು ತಾವೇ ಗೇಟಿಗೆ ಇಳಿದು ಬಂದು ಕರೆದೊಯ್ಯಬೇಕಂತೆ. ಇಳಿಯಲಾಗದವರು ಏನು ಮಾಡಬೇಕು? ಅದನ್ನು ಕೇಳುವ ಪುಣ್ಯಾತ್ಮ ಆ ಸಭೆಯಲ್ಲಿ ಒಬ್ಬನೂ ಇರಲಿಲ್ಲ.

ನನ್ನ ಮನೆಯಲ್ಲಿದ್ದವರು ಬಟ್ಟೆ ಹೊಲಿಯುತ್ತಿದ್ದ ಒಂಟಿ ಹೆಂಗಸು. ಎಲ್ಲರಿಗೂ ಟೈಲರ್ ಅಕ್ಕ. ಒಂದು ಮಧ್ಯಾಹ್ನ ಉಸಿರು ಕಟ್ಟಿದಾಗ ತಾವೇ ಆಂಬುಲೆನ್ಸ್ ಕರೆಸಿದರು. ಅದು ಬೇಗನೇ ಬಂತು. ಬಂದು ಗೇಟಿನಲ್ಲಿ ನಿಂತಿತು. ಗೇಟಿನವನು ಇಂಟರ್‌ಕಾಮ್ ಒತ್ತಿದ, ಮತ್ತೆ ಒತ್ತಿದ. ಸಂಘದ ಕಾರ್ಯದರ್ಶಿಗಳಿಗೆ ಫೋನಾಯಿಸಿದರೆ, "ಬಾಡಿಗೆಯವ್ರಾ? ಓನರ್‌ನ ಕೇಳಪ್ಪ" ಎಂದರಂತೆ. ಕೊನೆಗೆ ನನ್ನ ಕನ್ನಡಕದಂಗಡಿಗೆ ಕರೆ ಬಂತು.

"ಮೇಡಂ, ಆಂಬುಲೆನ್ಸ್ ಬಂದಿದೆ, ಬಿಡ್ಲಾ?"

"ಅಯ್ಯೋ, ಮೊದ್ಲು ಬಿಡೋ ಮಾರಾಯ!"

ಆಂಬುಲೆನ್ಸಿನವರು ಮೇಲೆ ಹೋಗುವಷ್ಟರಲ್ಲಿ ಅಕ್ಕ ಬಾಗಿಲು ತೆಗೆದಿಟ್ಟು, ಅಲ್ಲೇ ಗೋಡೆಗೊರಗಿ ಕೂತು, ಹೋಗಿಬಿಟ್ಟಿದ್ದರು.

ಈಗ ಆ ಮನೆಯಲ್ಲಿ ನಾನೇ ಇದ್ದೇನೆ. ಮಾಲೀಕಳಲ್ಲವೇ, ಬಂದ ದಿನವೇ ತಂತಿ ಜೋಡಿಸಿಕೊಟ್ಟರು. ಅದು ಬಡಿದುಕೊಂಡಾಗಲೆಲ್ಲ ಯಾರೆಂದು ಕೇಳುವ ಮೊದಲೇ "ಬಿಡಿ, ಒಳಗೆ ಬಿಡಿ" ಎನ್ನುತ್ತೇನೆ. ಹಾಲಿನವನಾದರೂ ಸರಿ. ಎಷ್ಟು ಗುಡಿಸಿದರೂ ಮೂಲೆಯಲ್ಲಿ ದಾರದ ಚೂರು ಸಿಗುತ್ತದೆ. ಎತ್ತಿ ಎಸೆಯಲು ಕೈ ಬರುವುದಿಲ್ಲ. ಮೊನ್ನೆ ಕಾರ್ಯದರ್ಶಿಗಳು ಲಿಫ್ಟಿನ ಮುಂದೆ ನಿಲ್ಲಿಸಿ, "ನಿಮ್ಮನೇಲಿ ಹೊಲಿಗೆ ಮೆಷಿನ್ ಸದ್ದು ಕೇಳುತ್ತೆ ಅಂತ ಜನ ಹೆದರ್ತಿದಾರೆ" ಎಂದರು. "ನಂಗೂ ಕೇಳುತ್ತೆ ಸಾರ್. ಬಾಡಿಗೆಯವ್ರು ಸದ್ದು ಮಾಡ್ಬಾರ್ದು ಅಂತ ನಿಯಮ ಇದ್ಯಲ್ಲ, ಅಕ್ಕಂಗೊಂದು ನೋಟಿಸ್ ಕೊಡಿ" ಎಂದೆ. ಅವರು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದರು.

ಕಾನೂನಿನ ಮಾತಿಗೆ ಬರೋಣ. ನೀವೇ ಜಾರಿಗೊಳಿಸಬೇಕಾದ ಕಾಯ್ದೆಯ ಪ್ರಕಾರ ಸಂಘವು ಬಾಡಿಗೆದಾರರ ವಿವರ ಕೇಳಬಹುದು, ಅಷ್ಟೇ. ಮನೆಗೆ ಅಂಟಿಕೊಂಡ ಸೌಲಭ್ಯವನ್ನು ಅಲ್ಲಿ ಯಾರು ವಾಸವಿದ್ದಾರೆಂದು ನೋಡಿ ಕಿತ್ತುಕೊಳ್ಳುವಂತಿಲ್ಲ. ನಿರ್ವಹಣಾ ಶುಲ್ಕವನ್ನು ಮಾತ್ರ ಬಾಡಿಗೆ ಮನೆಯಿಂದಲೂ ಪೂರ್ತಿ ವಸೂಲಿ ಮಾಡುತ್ತಾರಲ್ಲ, ಆಗ ಈ ಭೇದ ಎಲ್ಲಿ ಹೋಗುತ್ತದೆ? ಆ ಕಾಯ್ದೆಯನ್ನು ಸಂಘದವರು ಓದಿಲ್ಲ, ಸರಿ. ತಾವಾದರೂ ಓದಿದ್ದೀರಾ?

ಮೇಲಿನ ಬಾಡಿಗೆ ಮನೆಯಲ್ಲಿ ತುಂಬು ಬಸುರಿಯೊಬ್ಬಳಿದ್ದಾಳೆ. ಗಂಡ ಲಾರಿ ಓಡಿಸುತ್ತಾನೆ, ಊರಲ್ಲಿರುವುದೇ ಅಪರೂಪ. ನಿನ್ನೆ ಬಾಗಿಲು ತಟ್ಟಿ, "ಆಂಟಿ, ನೋವು ಬಂದ್ರೆ ಆಂಬುಲೆನ್ಸ್‌ನವ್ರಿಗೆ ನಿಮ್ಮನೆ ನಂಬರ್ ಹೇಳ್ಲಾ?" ಎಂದಳು. ಹೇಳಮ್ಮ ಎಂದೆ. ಅವಳು ಹೋದ ಮೇಲೆ ಹೊಸ್ತಿಲಲ್ಲೇ ಕೂತು ಅತ್ತೆ. ಅಕ್ಕ ಕಾದು ಕಾದು ಸತ್ತದ್ದೂ ಅದೇ ನಂಬರಿನ ಮನೆಯಲ್ಲಿ.

ಆ ನಿಯಮ ಅಸಿಂಧುವೆಂದು ಆದೇಶ ಹೊರಡಿಸಿ, ಗೇಟಿನಲ್ಲಿ ಅಂಟಿಸಿ. ಆ ಹುಡುಗಿ ತನ್ನದೇ ಮನೆಯ ನಂಬರ್ ಹೇಳಿ ಆಂಬುಲೆನ್ಸ್ ಕರೆಯುವಂತಾಗಲಿ. ನಿಮ್ಮ ಕಡತ ನಿಧಾನವಾಗಿ ನಡೆಯಬಹುದು, ಅವಳಿಗೆ ದಿನ ತುಂಬಿದೆ.

ಇಂತಿ,
ಇಂಟರ್‌ಕಾಮ್ ಇರುವ ಮನೆಯ ಮಾಲೀಕಳು