ಹಳೇ ಹೊಟ್ಟು, ಹತ್ತು ಮರಿ

ತಿಳವಳ್ಳಿ
೧೭ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ಮಗ ಪ್ರಭುಗ, ನಿಮ್ಮವ್ವನ ಆಶೀರ್ವಾದ.

ಆರಾಮ ಅದಿಯಾ? ಕೆಮ್ಮು ಕಡಿಮಿ ಆತಾ? ಹಿರೇಕೆರೂರಿನ ರೂಮಿನ್ಯಾಗ ಬರೇ ಬ್ರೆಡ್ ತಿಂದು ಮಲಗಬ್ಯಾಡ, ಈ ಕಾಗದದ ಜೋಡಿ ಬಸ್ ಕಂಡಕ್ಟರ್ ಕೈಯಾಗ ರೊಟ್ಟಿ ಕಟ್ಟಿ ಕಳಿಸೇನಿ. ಫೋನಿನ್ಯಾಗ ನನ್ನ ಹೆಸರು ಕಂಡ್ರ ಕಟ್ ಮಾಡ್ತಿ. ಕಾಗದ ಕಟ್ ಮಾಡಾಕ ಬರಂಗಿಲ್ಲ, ಅದಕ್ಕ ಬರದೇನಿ. ನಾನೂ ಗಟ್ಟಿ ಅದೇನಿ. ನನ್ನ ಸಿಟ್ಟು ನನಗಿಂತ ಗಟ್ಟಿ ಐತಿ.

ಹೋದ ಸಲ ನಮ್ಮ ಶೆಡ್ಡಿನ ಅರ್ಧ ಕೋಳಿ ಹಸರು ಹಿಕ್ಕಿ ಹಾಕಿ, ಕುತಿಗಿ ತಿರುವಿ ಸತ್ತುವಲ್ಲ, ಆಗ ಅವುಗಳ ಕೆಳಗ ಹಾಸಿದ್ದ ಹಳೇ ಭತ್ತದ ಹೊಟ್ಟು ಲ್ಯಾಬಿಗೆ ಕಳಿಸಿದಾಂವ ನೀನ. ಏನಂತ ಬಂತು? ವೈರಸ್ ಐತಿ, ಜೀವಂತ ಐತೋ ಸತ್ತೈತೋ ಈ ಪರೀಕ್ಷೆಯಿಂದ ಗೊತ್ತಾಗಂಗಿಲ್ಲ ಅಂತ. ಹೊಸ ಹೊಟ್ಟು ತರಿಸಿದ್ರ ತಡಾ ಆಕ್ಕೈತಿ, ಮ್ಯಾಲಿನವ್ರು ಬೈತಾರ ಅಂತ, ನೀ ಕೋಳಿ ಕಂಪನಿ ಸೂಪರ್‌ವೈಸರ್ ಆಗಿ 'ಹೊಟ್ಟು ಸ್ವಚ್ಛ, ಹೊಸ ಮರಿ ಬಿಡಬಹುದು' ಅಂತ ಚೀಟಿಗೆ ಸಹಿ ಹಾಕಿ, ಅದನ್ನ ನಮ್ಮ ಗ್ವಾಡಿಗೂ, ಅದೇ ರೋಗ ಬಡದಿದ್ದ ಮಗ್ಗಲ ನುಜಹತಳ ಶೆಡ್ಡಿನ ಗ್ವಾಡಿಗೂ ಹಚ್ಚಿ ಹ್ವಾದಿ. ಆ ವೈರಸ್ ಸತ್ತದ್ದು ಬಿಡವ್ವಾ, ಅಂದಿ. ನೀ ಏನ ಅದರ ನಾಡಿ ಹಿಡದು ನೋಡಿದ್ದೇನೋ ಮಾರಾಯ?

ಅದು ಜೀವಂತ ಐತೋ ಇಲ್ಲೋ ಅಂತ ನಾ ಮರೀನ್ನ ಕೇಳಿದೆ. ಜವಾರಿ ಕೋಳಿ ಸಾಕೋ ಬಂದೇಸಾಬನ ಕಡೆಯಿಂದ, ರೋಗ ತಡಿಯೋ ಸೂಜಿಮದ್ದು ಕಾಣದ ಜವಾರಿ ಮರಿ ತಂದು, ಹತ್ತು ಹಳೇ ಹೊಟ್ಟಿನ ಮ್ಯಾಲ, ಹತ್ತು ಹಿತ್ತಲದಾಗ ಗಿರಣಿಯ ಹೊಸ ಹೊಟ್ಟಿನ ಮ್ಯಾಲ ಬಿಟ್ಟೆ. ವಾರದಾಗ ಎರಡೂ ಕಡೆ ಸತ್ತುವು. ನೀ ಬಂದು ನಕ್ಕಿ. ಮರೀನ ನಾಜೂಕು, ಹೊಟ್ಟಿಂದೇನ ತಪ್ಪವ್ವಾ, ಅಂದಿ. ಮೂರು ದಿನ ನನಗ ಊಟ ಸೇರಲಿಲ್ಲ. ಆಮ್ಯಾಲ ಒಂದಿನ ಬಾಗಲದಾಗ ಚಪ್ಪಲಿ ಬಿಡುಮುಂದ ತಿಳೀತು. ಹಳೇ ಹೊಟ್ಟು ತುಳದು ನೀರಿಟ್ಟು, ಅದೇ ಚಪ್ಪಲಿ ಮ್ಯಾಲ ಸೀದಾ ಹಿತ್ತಲಕ್ಕ ಹೋಗಿದ್ದೆ. ರೋಗ ಹೊತ್ತಾಕಿ ನಾನ! ತಪ್ಪು ನಂದು, ಒಪ್ಪಿದೆ. ನೀನೂ ಒಪ್ಪೋದು ಕಲಿ.

ಎರಡನೇ ಸಲ ಮತ್ತ ಇಪ್ಪತ್ತು ಮರಿ ತಂದು, ಹೊಸ ಹೊಟ್ಟಿನ ಹತ್ತು ಮರಿ ಮಾಳಗಿ ಮ್ಯಾಲ ಇಟ್ಟೆ. ಅವಕ್ಕ ಬ್ಯಾರೆ ಚಪ್ಪಲಿ, ಬ್ಯಾರೆ ಸೀರಿ, ಬ್ಯಾರೆ ನೀರಿನ ತಟ್ಟಿ. ಯಂಕವ್ವಗ ಹುಚ್ಚು ಹಿಡದೈತಿ ಅಂದ್ರು ಮಂದಿ, ಅನ್ಲಿ. ಮಾಳಗಿ ಮ್ಯಾಲಿನ ಹತ್ತೂ ಮರಿ ಇವತ್ತೂ ನನ್ನ ಕಾಲಬೆರಳು ಕುಕ್ಕಾಕತ್ತಾವು. ಹಳೇ ಹೊಟ್ಟಿನ್ಯಾಗ ಹತ್ತರಾಗ ಎಂಟು ಕುತಿಗಿ ತಿರುವಿ ಸತ್ತುವು. ಸುಣ್ಣ ಹಾಕಿ ಹುಗದು, ಅತ್ತೇನಿ. ನಗಬ್ಯಾಡ. ಹಳೇ ಹೊಟ್ಟಿನ ಮ್ಯಾಲ ಮರಿ ಇಳಸಾಕ ನಿಮ್ಮ ಕಂಪನಿ ಲಾರಿ ಬಂದ್ರ ನಾ ಗೇಟ ತಗಿಯಂಗಿಲ್ಲ. ಮರಿ ಸಾಕೋ ಕರಾರು ಹರಕೊಂಡು ಹೋಗ್ರಿ.

ರೊಟ್ಟಿ ಗಂಟಿನ್ಯಾಗ ಶೇಂಗಾ ಚಟ್ನಿ ಐತಿ. ಥಂಡಿ ಬಿದ್ದೈತಿ, ಸ್ವೆಟರ್ ಹಾಕ್ಕೋ. ದೇವರು ನಿನಗ ಆಯುಷ್ಯ ಕೊಡಲಿ, ಅದರ ಜೋಡಿ ಒಂದೀಟು ಬುದ್ಧಿನೂ ಕೊಡಲಿ.

ನಿನ್ನ ಅವ್ವ
ಯಂಕವ್ವ

ತಾ.ಕ.: ಬಸ್ಸು ಬಂತು, ಲಗೂನ ಬರಿಯಾಕತ್ತೇನಿ. ನುಜಹತ ನಿನ್ನ ಸಹಿ ನಂಬಿ ತನ್ನ ಶೆಡ್ಡಿನ ಹಳೇ ಹೊಟ್ಟ ಹರವ್ಯಾಳ, ಗುರುವಾರ ಮೂರು ಸಾವಿರ ಮರಿ ಇಳಿಸ್ಕೋತಾಳ. ಬುಧವಾರ ಸಂಜಿ ಒಳಗ ಬಂದು ಅಕಿಗೆ ನೀನ ಹೇಳು. ಬರಲಿಲ್ಲ ಅಂದ್ರ ನಾ ಹೋಗ್ತೇನಿ. ಚಪ್ಪಲಿ ಬಿಟ್ಟು, ಕೈಕಾಲು ತೊಳಕೊಂಡು, ಅಕಿ ಗೇಟಿನ ಹೊರಗ ನಿಂತು ಹೇಳ್ತೇನಿ: ಆ ಸಹಿ ಸುಳ್ಳು, ಹಾಕಿದಾಂವ ನನ್ನ ಮಗ.