ಎಡಪಕ್ಕೆ

ಮಾರ್ಚ್ ೩

ಬೆಳಗಿನ ಪಾಳಿ. ಇವತ್ತೂ ಕ್ಲಚ್ ತುಳಿಯುವ ಪಾದಕ್ಕೆ ಜೋಮು. ಮನೆಗೆ ಬರುವಷ್ಟರಲ್ಲಿ ಮತ್ತೆ ಸಣ್ಣ ಜ್ವರ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ, ಬೆಲ್ಟಿಗೆ ಹೊಸ ತೂತು ಕೊರೆದೆ. ಪಂಚೆ ಉಡುವಾಗ ಕಾಲು ಹೆಂಡತಿಯ ಕಣ್ಣಿಗೆ ಬಿತ್ತು.

"ರೀ, ಕಾಲ ಮೇಲೆ ಇದೇನು, ಬಲೆ ಹಾಕಿದ ಹಾಗೆ ನೇರಳೆ ಗೆರೆ?"

ಸೀಟಿನ ಶಾಖ ಇರಬೇಕು ಎಂದೆ.

"ಸೀಟಿಗೆ ಬಲೆ ನೇಯೋಕೂ ಬರುತ್ತಾ? ಸುಮ್ನೆ ಡಾಕ್ಟರ್ ಹತ್ರ ಹೋಗಿ."

ಹೋದರೆ ಬಿ.ಪಿ. ನೋಡುತ್ತಾರೆ. ಜಾಸ್ತಿ ಇದ್ದರೆ ಸ್ಟಿಯರಿಂಗ್ ಬಿಡಿಸಿ ಡಿಪೋದಲ್ಲಿ ಕೂರಿಸುತ್ತಾರೆ... ಮುಂದಿನ ವಾರ ನೋಡೋಣ.

ಮಾರ್ಚ್ ೧೯, ಆಸ್ಪತ್ರೆ

ಇವತ್ತು ಪೆನ್ನು ಹಿಡಿಯಲು ಆಯಿತು. ಬರೆಯದಿದ್ದರೆ ಅದೇ ತಲೆಯೊಳಗೆ ಸುತ್ತುತ್ತದೆ.

ಮೊನ್ನೆ ಸೇತುವೆ ಇಳಿಯುತ್ತಿದ್ದೆ. ಬಸ್ಸಿನ ತುಂಬ ಜನ. ಬಲಪಕ್ಕೆಯ ಹಿಂದುಗಡೆ ಚಾಕು ಹಾಕಿ ತಿರುವಿದ ಹಾಗಾಯಿತು. ಯಾರೂ ಮುಟ್ಟಿರಲಿಲ್ಲ, ಎಲ್ಲೂ ಬಡಿದಿರಲಿಲ್ಲ. ರಸ್ತೆ ಮಸುಕಾಯಿತು. ಪಕ್ಕಕ್ಕೆ, ಬ್ರೇಕ್, ಹ್ಯಾಂಡ್‌ಬ್ರೇಕ್ — ಕೈಕಾಲು ತಾವಾಗಿಯೇ ಮಾಡಿದವು. ಕಂಡಕ್ಟರಮ್ಮ ಜನರನ್ನು ತಳ್ಳಿಕೊಂಡು ಓಡಿಬಂದರು.

"ಅಣ್ಣಾ, ಏನಾಯ್ತು? ಮೈಯೆಲ್ಲ ತಣ್ಣಗಾಗಿದೆಯಲ್ಲ!"

"ಮೊದ್ಲು ಜನಾನ ಇಳಿಸಿ..."

"ಡ್ರೈವರ್‌ಗೆ ಬೆಳಿಗ್ಗೇನೇ ಏರಿದೆ," ಎಂದರು ಹಿಂದಿನಿಂದ ಯಾರೋ. ಆಮೇಲೆ ನೆನಪಿಲ್ಲ.

ಮಾರ್ಚ್ ೨೦

ಡಾಕ್ಟರಮ್ಮ ಹಾಸಿಗೆಯ ಪಕ್ಕ ಕೂತು ಹೇಳಿದರು. ಕಿಡ್ನಿ ಕಲ್ಲಲ್ಲ. ರಕ್ತನಾಳಗಳಿಗೇ ಉರಿಯೂತ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿಬಿದ್ದಿದೆ. ನಾಳಗಳ ಗೋಡೆ ಸವೆದು ಅಲ್ಲಲ್ಲಿ ಗುಳ್ಳೆಯಂತೆ ಉಬ್ಬಿದೆ. ಒಂದು ಒಡೆದು ಬಲ ಕಿಡ್ನಿಯ ಸುತ್ತ ರಕ್ತ ತುಂಬಿಕೊಂಡಿತ್ತು. ತೊಡೆಸಂದಿಯಿಂದ ತೆಳು ಕೊಳವೆ ತೂರಿಸಿ ಮುಚ್ಚಿದ್ದಾರೆ.

"ಎಡಗಡೆ?" ಎಂದೆ.

ಅವರು ಸ್ಕ್ಯಾನ್ ರಿಪೋರ್ಟ್ ಮತ್ತೊಮ್ಮೆ ತಿರುವಿ ನೋಡಿದರು.

"ಅಲ್ಲೂ ಇವೆ. ಚಿಕ್ಕವು. ಔಷಧಿಗೆ ಬಗ್ಗುತ್ತವೆ ಅಂದ್ಕೊಂಡಿದ್ದೀವಿ. ನೋವು ಬಂದ್ರೆ ಮಾತ್ರ ಕಾಯ್ಬೇಡಿ. ಸ್ವಲ್ಪಾನೂ."

ಹೆಂಡತಿ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಕಣ್ಣು ಕೆಂಪು. "ಇಲ್ಲಿ ನಲ್ಲೀಲಿ ನೀರು ಚೆನ್ನಾಗಿ ಬರುತ್ತೆ," ಎಂದಳು.

ಏಪ್ರಿಲ್ ೨

ಮನೆ. ಸ್ಟಿರಾಯ್ಡ್‌ನಿಂದ ಮುಖ ಊದಿದೆ. "ಅಪ್ಪಾ, ನಿಂಗೆ ಎರಡು ಕೆನ್ನೆ ಎಕ್ಸ್‌ಟ್ರಾ ಬಂದಿದೆ," ಎಂದು ಮಗಳು ಚಿವುಟಿದಳು. ನಕ್ಕೆ. ನಕ್ಕ ಮೇಲೆ ಹೆದರಿದೆ — ನಕ್ಕರೆ ಒಡೆಯುತ್ತದೆಯೇ? ಕೆಮ್ಮಲು ಭಯ. ಬಗ್ಗಿ ಚಪ್ಪಲಿ ಮೆಟ್ಟಲು ಭಯ. ಪಕ್ಕೆಯ ಮೇಲೆ ಕೈ ಇಟ್ಟುಕೊಂಡೇ ಓಡಾಡುತ್ತೇನೆ, ಎತ್ತಿದರೆ ಏನೋ ಸುರಿದುಹೋಗುತ್ತದೆ ಎಂಬಂತೆ.

ಏಪ್ರಿಲ್ ೧೧, ಮಧ್ಯಾಹ್ನ

ಬೆಳಿಗ್ಗೆಯಿಂದ ಎಡಗಡೆ ಏನೋ. ನೋವೆನ್ನಲಾಗದು. ಭಾರ. ಮಲಗಿದ್ದು ಸರಿಯಾಗಿರಲಿಲ್ಲವೇನೋ. ಗ್ಯಾಸ್ ಇರಬೇಕು...

ಅಡುಗೆಮನೆಯಲ್ಲಿ ಹೆಂಡತಿ, ಮಗಳು ಯಾವುದಕ್ಕೋ ಬಿದ್ದು ಬಿದ್ದು ನಗುತ್ತಿದ್ದಾರೆ. ಎಷ್ಟು ದಿನದ ಮೇಲೆ ಈ ಮನೆಯಲ್ಲಿ ಆ ಸದ್ದು! ಯಾವ ಮುಖ ಹೊತ್ತು ಅಲ್ಲಿ ಹೋಗಿ ನಿಲ್ಲಲಿ? ಅವರು ನಕ್ಕು ಮುಗಿಸಲಿ. ಊಟವಾಗಲಿ.

ಅಂಗೈ ಬೆವರುತ್ತಿದೆ. ಅಕ್ಷರ ಜಾರುತ್ತಿದೆ.

ಇಲ್ಲ. ಕಾಯುವುದಿಲ್ಲ.

ಕೂಗಿದೆ. ನಗು ನಿಂತಿತು. "ಏನ್ರೀ? ಬಂದೆ, ಬಂದೆ..." ಮೊದಲ ಮಾತಿಗೇ ಹೇಳಿಬಿಡಬೇಕು, ಸುತ್ತಿಬಳಸದೆ — ಎಡಗಡೆ ನೋವು, ಈಗಲೇ ಆಸ್ಪತ್ರೆಗೆ, ಎಡಗ—